ಕೋಡಿಯಮ್ಮ ಎಡಕ್ಕೆ ಕೊಟ್ಟ ಹೂವು

ಆಷಾಢ ಬಂತೆಂದು ಪಂಚಾಂಗ ನೋಡಿ ತಿಳಿಯಬೇಕಾದ ಗತಿ ನಮ್ಮ ಕುಮಾರಸ್ವಾಮಿ ಲೇಔಟಿಗೆ ಇನ್ನೂ ಬಂದಿಲ್ಲ. ಒಂದು ಬೆಳಗ್ಗೆ ಬೇಕರಿಯ ಮುಂದಿನ ನೀಲಿ ಟಾರ್ಪಾಲು ಪಟಪಟನೆ ಬಡಿದುಕೊಳ್ಳುತ್ತದೆ, ಮೂರನೇ ಮಹಡಿಯಲ್ಲಿ ಒಣಹಾಕಿದ ಯಾರದೋ ಪಂಚೆ ಇನ್ಯಾರದೋ ಸ್ಕೂಟರಿನ ಮೇಲೆ ಬಂದು ಕೂರುತ್ತದೆ. ಅದೇ ಆಷಾಢ. ಮೊನ್ನೆ ಹಾಗೆ ಗಾಳಿ ಎದ್ದ ದಿನ ನಾನು ಗುಡಿಯ ಬಾಗಿಲು ತೆಗೆದು, ಹಿಂದಿನ ದಿನದ ಕಣಗಿಲೆ ಹೂಗಳನ್ನು ಬಾಚಿ ಬುಟ್ಟಿಗೆ ಹಾಕುತ್ತಿದ್ದೆ. ನೀರು ಕುಡಿದು ಬಾಡಿದ ಕಣಗಿಲೆಗೆ ಒಂದು ವಾಸನೆಯಿದೆ. ಪರಿಮಳ ಎನ್ನಲಾಗದು, ದುರ್ವಾಸನೆ ಎಂದರೆ ಅಪಚಾರವಾದೀತು. ಅದು ಮೂಗಿಗೆ ಬಡಿದದ್ದೇ ಏಳು ವರ್ಷದ ಹಿಂದಿನ ಆಷಾಢವೊಂದು ಎದುರಿಗೆ ಬಂದು ನಿಂತಿತು. ಬರೆದಿಟ್ಟುಬಿಡುವುದು ವಾಸಿ ಎನ್ನಿಸಿತು. ನಮ್ಮ ಮನೆತನದಲ್ಲಿ ಆ ಕಥೆಯನ್ನು ಮೂರು ಜನ ಮೂರು ಬಗೆಯಾಗಿ ಹೇಳುತ್ತಾರೆ. ಸರಿಯಾದದ್ದು ನನ್ನದು.

ಮೊದಲು ನನ್ನ ಅಧಿಕಾರವ್ಯಾಪ್ತಿಯನ್ನು ನಿವೇದಿಸಿಕೊಳ್ಳಬೇಕು. ಈ ಲೇಔಟು ಹೊಲವಾಗಿದ್ದ ಕಾಲದಲ್ಲಿ ಇಲ್ಲೊಂದು ಸಣ್ಣ ಕೆರೆಯಿತ್ತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಪಕ್ಕ ಒಂದು ದೇವಿಯ ಕಲ್ಲು, ಅವಳೇ ಕೋಡಿಯಮ್ಮ. ಕೆರೆ ಹೋಯಿತು, ಕೋಡಿ ಹೋಯಿತು, ನಮ್ಮ ರಾಗಿ ಹೊಲ ಸೈಟುಗಳಾಗಿ ಹೋಯಿತು. ಅಮ್ಮ ಮಾತ್ರ ಕದಲಲಿಲ್ಲ. ಈಗ ಅವಳ ಒಂದು ಪಕ್ಕ ಬೇಕರಿ, ಇನ್ನೊಂದು ಪಕ್ಕ ಪಂಕ್ಚರ್ ಅಂಗಡಿ, ತಲೆಯ ಮೇಲೆ ಊರಿಗೆಲ್ಲ ಹೋಗುವ ಕೇಬಲ್ಲು. ಪೂಜೆ ನಮ್ಮ ವಂಶದ್ದು. ಅಪ್ಪನ ನಂತರ ಅದು ನನಗೆ ಬಂತು, ಏಕೆಂದರೆ ನಮ್ಮ ದೊಡ್ಡಣ್ಣ ಮುನಿರಾಜುವಿಗೆ ಬೆಳಗಿನ ಐದು ಗಂಟೆ ಎಂಬ ಹೊತ್ತೊಂದು ಇದೆ ಎನ್ನುವುದರಲ್ಲಿ ನಂಬಿಕೆಯಿರಲಿಲ್ಲ. ನಾನು ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನು. ಪಾಳಿಗೆ ಏಳುವ ಅಭ್ಯಾಸವಿತ್ತು. ಹೀಗೆ ಭಕ್ತಿಗಿಂತ ಹೆಚ್ಚಾಗಿ ಅಲಾರಾಂ ಬಲದಿಂದ ಪೂಜಾರಿಯಾದೆ.

ಪೂಜಾರಿಯ ಕೆಲಸದಲ್ಲಿ ಪೂಜೆ ಕಾಲು ಭಾಗ, ಹೂ ಕೇಳುವುದು ಮುಕ್ಕಾಲು ಭಾಗ. ಮಂಗಳವಾರ, ಶುಕ್ರವಾರ ಜನ ಬರುತ್ತಾರೆ. ಒಬ್ಬರಿಗೆ ಗಂಡು ಒಪ್ಪಬೇಕೋ ಬೇಡವೋ, ಇನ್ನೊಬ್ಬರಿಗೆ ಬೋರ್‌ವೆಲ್ ಕೊರೆಸಬೇಕೋ ಬೇಡವೋ. ನಾನೊಂದು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಹಣೆಗೆ ಅಂಟಿಸುತ್ತೇನೆ. ಬಂದವರು ಕೈಮುಗಿದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಹೂವು ಅಮ್ಮನ ಬಲಕ್ಕೆ ಬಿದ್ದರೆ ಆಗಲಿ ಎಂದು ಅಪ್ಪಣೆ. ಎಡಕ್ಕೆ ಬಿದ್ದರೆ ಬೇಡ. ಬೀಳದೆ ಅಲ್ಲೇ ಕೂತರೆ ಕಡತ ಪರಿಶೀಲನೆಯಲ್ಲಿದೆ, ಮುಂದಿನ ಶುಕ್ರವಾರ ಬರತಕ್ಕದ್ದು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವಂತಿಲ್ಲ, ಮೇಲ್ಮನವಿಗೆ ಅವಕಾಶವಿಲ್ಲ. ಬಲಕ್ಕೆ ಬಿದ್ದ ಹೂವನ್ನು ಹೆಂಗಸರು ಮುಡಿದುಕೊಂಡು ಹೋಗುತ್ತಾರೆ. ಎಡಕ್ಕೆ ಬಿದ್ದದ್ದನ್ನು ಯಾರೂ ಮುಟ್ಟುವುದಿಲ್ಲ, ನಾನೇ ಎತ್ತಿ ಬುಟ್ಟಿಗೆ ಹಾಕಬೇಕು. ಆಷಾಢದಲ್ಲಿ ಅಮ್ಮ ಹೆಚ್ಚಾಗಿ ಎಡಕ್ಕೇ ಕೊಡುತ್ತಾಳೆ, ಆ ತಿಂಗಳು ಶುಭವಲ್ಲ ಅನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಕೇ ಎಂದು ಅಪ್ಪ ಹೇಳುತ್ತಿದ್ದ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕಾರಣ ಹುಡುಕುತ್ತಿದ್ದ ನಾನು, ಅಮ್ಮನ ಬಲಕ್ಕಿರುವ ಗೋಡೆಯಲ್ಲಿ ಒಂದು ಕಿಟಕಿಯಿದೆ, ಅದಕ್ಕೆ ಬಾಗಿಲಿಲ್ಲ ಎಂಬುದನ್ನು ಅಷ್ಟೂ ಆಷಾಢಗಳಲ್ಲಿ ಗಮನಿಸಲಿಲ್ಲ. ಹೆದರಿದವನ ಕಣ್ಣು ಪಾದದಿಂದ ಮೇಲಕ್ಕೆ ಏಳುವುದಿಲ್ಲ.

ಹೆದರಿಕೆ ಅಪ್ಪ ಕೊಟ್ಟ ಆಸ್ತಿ. ಮಡಿ ತಪ್ಪಿದರೆ ಕಣ್ಣು ಹೋಗುತ್ತದೆ, ಅಮ್ಮನಿಗೆ ಬೆನ್ನು ತೋರಿಸಿದರೆ ಸೊಂಟ ಹೋಗುತ್ತದೆ, ಹೂವಿನ ಮಾತು ಮೀರಿದರೆ ಮನೆಯೇ ಹೋಗುತ್ತದೆ. ಒಂದೊಂದು ಅಪರಾಧಕ್ಕೂ ಒಂದೊಂದು ಅಂಗ ನಿಗದಿಯಾಗಿತ್ತು. ಭಯಭಕ್ತಿ ಎಂದು ಜನ ಒಟ್ಟಿಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಗಂಡಹೆಂಡಿರು ಅದನ್ನು ಪಾಲು ಮಾಡಿಕೊಂಡಿದ್ದೆವು: ಭಯ ನನ್ನದು, ಭಕ್ತಿ ಲಲಿತಳದು. ಲಲಿತ ಗುಡಿಗೆ ಬಂದರೆ ಅಮ್ಮನ ಜೊತೆ ಪಕ್ಕದ ಮನೆಯವಳ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. ಗ್ಯಾಸ್ ಮುಗಿದದ್ದು, ಮಹಡಿ ಮೇಲಿನ ಬಾಡಿಗೆಯವರು ಹೇಳದೆ ಕೇಳದೆ ನಾಯಿ ತಂದದ್ದು, ಮಗಳು ಫೋನ್ ಮಾಡಿ ಎರಡೇ ನಿಮಿಷಕ್ಕೆ ಇಟ್ಟದ್ದು, ಎಲ್ಲ ಅಲ್ಲಿ ವರದಿಯಾಗುತ್ತಿತ್ತು. ಸಲುಗೆ ಹೆಚ್ಚಾಯಿತೆಂದು ಹಿಂದೆ ನಿಂತು ಬೆವರುತ್ತಿದ್ದವನು ನಾನು.

ಆ ವರ್ಷ ಲಲಿತಳಿಗೆ ಐವತ್ತೆರಡು. ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿ ಎರಡು ತಿಂಗಳಾಗಿತ್ತಂತೆ. ನಮಗೆ ಹೇಳಿದ್ದು ಅದು ಗೋಲಿಯಷ್ಟಾದ ಮೇಲೆ. ಪರೀಕ್ಷೆಗಳೆಲ್ಲ ಆದವು. ಡಾಕ್ಟರಮ್ಮ ಕಾಗದ ನೋಡಿ, ಕ್ಯಾನ್ಸರ್ ಎಂಬ ಪದವನ್ನು ಒಂದೇ ಸಲ, ಸ್ಪಷ್ಟವಾಗಿ ಹೇಳಿದರು. ಈಗ ತೆಗೆದರೆ ಗುಣವಾಗುವ ಹಂತ, ತಡ ಮಾಡಿದರೆ ನಾನು ಹೀಗೆ ಹೇಳಲಾರೆ ಎಂದರು. ಹನ್ನೆರಡನೇ ದಿನಕ್ಕೆ, ಒಂದು ಸೋಮವಾರ, ಆಪರೇಷನ್ ನಿಗದಿಯಾಯಿತು. ಲಲಿತ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದಿನ ಒಲೆ ಮುಂದೆ ನಿಲ್ಲುವಂತಿಲ್ಲ ಎಂದು. ಒಂದೂವರೆ ತಿಂಗಳು ಎಂದಾಗ ನನ್ನ ಕಡೆ ತಿರುಗಿ ನೋಡಿದಳು. ಅಷ್ಟು ಕಂಗಾಲಾದ ನೋಟವನ್ನು ಅವಳು ಆ ಕಾಗದಕ್ಕೂ ತೋರಿಸಿರಲಿಲ್ಲ.

ದೊಡ್ಡಣ್ಣನಿಗೆ ಸುದ್ದಿ ಹೇಳಿದೆ. ಅವನಿಗೆ ರೋಗಕ್ಕಿಂತ ಸೋಮವಾರದ ತಿಂಗಳು ದೊಡ್ಡದಾಗಿ ಕಂಡಿತು. ಆಷಾಢದಲ್ಲಿ ನಮ್ಮ ವಂಶದವರು ತಲೆಗೂದಲಿಗೂ ಕತ್ತರಿ ಮುಟ್ಟಿಸುವುದಿಲ್ಲ, ನೀನು ಮೈಗೆ ಕತ್ತಿ ಮುಟ್ಟಿಸಲು ಹೊರಟಿದ್ದೀಯ, ಕೊನೇಪಕ್ಷ ಹೂ ಕೇಳು ಎಂದ. ಅವನು ಹೇಳದಿದ್ದರೂ ನಾನು ಕೇಳುತ್ತಿದ್ದೆ. ಮಂಗಳವಾರ ಜನವೆಲ್ಲ ಹೋದ ಮೇಲೆ ಒಬ್ಬನೇ ನಿಂತು ಹೂವಿಟ್ಟೆ. ಕೈಮುಗಿದು ಕಣ್ಣು ಮುಚ್ಚುವಷ್ಟೂ ಪುರಸೊತ್ತು ಕೊಡದೆ ಹೂವು ಎಡಕ್ಕೆ ಜಾರಿ ಕೆಳಗೆ ಬಿತ್ತು.

ಆ ಹೂವನ್ನು ಎತ್ತಿ ಬುಟ್ಟಿಗೆ ಹಾಕಲು ನನ್ನ ಕೈ ಏಳಲಿಲ್ಲ. ಎಷ್ಟೋ ಜನರಿಗೆ "ಅಮ್ಮ ಒಪ್ಪಿಲ್ಲ, ಬಿಟ್ಬಿಡಿ" ಎಂದು ಗಂಭೀರವಾಗಿ ಹೇಳಿ ಕಳಿಸಿದ್ದೆ. ಅವರು ಮೆಟ್ಟಿಲಿಳಿದ ಮೇಲೆ ಏನು ಮಾಡುತ್ತಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸವನ್ನು ಪೂಜಾರಿಗಳಲ್ಲದೆ ಬೇರೆ ಯಾರೂ ಮಾಡಲಾರರು. ಆಸ್ಪತ್ರೆಗೆ ಫೋನ್ ಮಾಡಿದೆ. ದೇವಿ ಒಪ್ಪಿಲ್ಲ ಎಂದರೆ ಅವರು ನಕ್ಕಾರು. ಆದ್ದರಿಂದ, ನಮ್ಮ ಚಿಕ್ಕಪ್ಪ ತೀರಿಕೊಂಡಿದ್ದಾರೆ, ಮನೆಯಲ್ಲಿ ಸೂತಕ, ಆಪರೇಷನ್ನನ್ನು ಶ್ರಾವಣಕ್ಕೆ ಹಾಕಿಕೊಡಿ ಎಂದೆ. ಫೋನಿನಲ್ಲಿದ್ದ ಹುಡುಗಿ ಪಾಪ, ಸಂತಾಪ ಸೂಚಿಸಿದಳು. ಲಲಿತಳಿಗೆ ಏನೂ ಹೇಳಲಿಲ್ಲ. ಡಾಕ್ಟರಮ್ಮನೇ ಮುಂದಕ್ಕೆ ಹಾಕಿದರಂತೆ ಎಂದು ಸೋಮವಾರದ ಹತ್ತಿರ ಹೇಳಿದರಾಯಿತು ಎಂದುಕೊಂಡೆ. ಮಾರನೆಯ ಬೆಳಗ್ಗೆ ಎಂದಿನಂತೆ ತಣ್ಣೀರು ಸುರಿದುಕೊಂಡು ಗುಡಿಗೆ ಹೋಗಿ ಪೂಜೆ ಮಾಡಿದೆ.

ಗುರುವಾರ ನಾನು ಗುಡಿಯಿಂದ ಬಂದಾಗ ಲಲಿತ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಆಸ್ಪತ್ರೆಯವರು ಹೊಸ ದಿನಾಂಕ ತಿಳಿಸಲು ಅವಳ ಫೋನಿಗೇ ಕರೆ ಮಾಡಿದ್ದರು. ಚಿಕ್ಕಪ್ಪನ ವಿಚಾರಕ್ಕೆ ಬೇಸರ ಮಾಡ್ಕೋಬೇಡಿ ಎಂದು ಸಮಾಧಾನವನ್ನೂ ಹೇಳಿದ್ದರು.

"ನಮ್ಮನೇಲಿ ಯಾರೋ ಸತ್ತಿದ್ದಾರಂತೆ. ನಂಗೊಂದ್ ಮಾತು ಹೇಳ್ಬಾರ್ದಾ ರೀ, ತಲೆ ಮೇಲೆ ನೀರಾದ್ರೂ ಹಾಕ್ಕೊತಿದ್ದೆ."

ನಾನು ಹೂವಿನ ವಿಷಯ ಹೇಳಿದೆ. ಮಂಗಳವಾರದಿಂದ ಒಳಗೆ ಕಟ್ಟಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಮ್ಮನ ಮಾತು ಮೀರಿ ನಿನ್ನನ್ನು ಒಳಗೆ ಕಳಿಸಿ, ನೀನು ಹೊರಗೆ ಬರದಿದ್ದರೆ ನಾನೇನು ಮಾಡಲಿ ಎಂದೆ. ಅವಳು ಸೊಪ್ಪಿನಿಂದ ತಲೆಯೆತ್ತಲಿಲ್ಲ.

"ಸೂತಕ ಅಂದ್ರಲ್ಲ, ಸೂತಕದೋರು ಗರ್ಭಗುಡಿ ಒಳಗೆ ಹೋಗ್ಬಹುದಾ?"

"ಅದು ಸುಮ್ನೆ ಹೇಳಿದ್ದು ಕಣೆ. ನಿಜವಾದ ಸೂತಕ ಅಲ್ವಲ್ಲ."

"ಸುಳ್ಳು ಹೇಳಿದ್ ಬಾಯಲ್ಲಿ ಮಂಗಳಾರತಿ ಹಾಡಿದ್ರಿ. ಆಗ ಭಯ ಆಗ್ಲಿಲ್ಲ. ಒಂದು ಹೂವು ಈ ಕಡೆ ಬಿದ್ರೆ ಭಯ." ಬಿಡಿಸಿದ ಸೊಪ್ಪನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. "ಯಾವುದಕ್ಕೆ ಹೆದರ್ಬೇಕು ಅಂತಾನೂ ನಿಮ್ಮಪ್ಪ ಹೇಳ್ಕೊಡ್ಲಿಲ್ವಲ್ಲ ರೀ."

ನನ್ನ ಇಷ್ಟು ವರ್ಷದ ಪೌರೋಹಿತ್ಯ ದಂಟಿನ ಸೊಪ್ಪಿನ ಮುಂದೆ ಹೀಗೆ ವಿಚಾರಣೆಗೆ ಬಂದು ಮುಗಿದುಹೋಯಿತು. ಅವಳು ಫೋನ್ ತೆಗೆದುಕೊಂಡು ಆಸ್ಪತ್ರೆಗೆ ಮಾಡಿದಳು. ಸತ್ತವರು ಎದ್ದು ಕೂತಿದ್ದಾರೆ ಮೇಡಂ, ಹಳೇ ಡೇಟೇ ಇರಲಿ ಎಂದಳು. ಆ ಹುಡುಗಿಗೆ ಏನನ್ನಿಸಿತೋ, ಸೋಮವಾರ ಸಿಕ್ಕಿತು.

ಸಂಜೆಯ ಹೊತ್ತಿಗೆ ದೊಡ್ಡಣ್ಣನಿಗೂ ಸುದ್ದಿ ಮುಟ್ಟಿತು. ಅವನು ಅತ್ತಿಗೆಯನ್ನೂ ಮಗ ಹರೀಶನನ್ನೂ ಕರೆದುಕೊಂಡು ಬಂದು ನಮ್ಮ ನಡುಮನೆಯಲ್ಲಿ ಕೂತ. ಹರೀಶ ಕನಕಪುರ ರಸ್ತೆಯಲ್ಲಿ, ತಲಘಟ್ಟಪುರದ ಆಚೆ, ಸೈಟು ತೋರಿಸುವ ವೃತ್ತಿಯವನು. ಯಾವ ಜಾಗದಲ್ಲಿ ಕೂತರೂ ಅದರ ಉದ್ದಗಲ ಕಣ್ಣಲ್ಲೇ ಅಳೆಯುತ್ತಾನೆ. ಅಣ್ಣನ ವಾದ ಸರಳವಾಗಿತ್ತು. ನಾಲ್ಕು ತಲೆಮಾರಿನಿಂದ ಜನ ಆ ಹೂವಿನ ಮೇಲೆ ನಂಬಿಕೆ ಇಟ್ಟಿದ್ದಾರೆ. "ಪೂಜಾರಿ ಹೆಂಡ್ತಿನೇ ಮೀರಿದ್ರೆ ನಾಳೆ ಯಾರ್ಲಾ ಗುಡಿಗೆ ಬರ್ತಾರೆ? ಸೋಮವಾರ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಗುಡಿ ಬೀಗದಕೈ ಹರೀಶನ ಕೈಗೆ. ಅಷ್ಟೇ."

ಅವನು ಕೆಟ್ಟವನಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಹೂವಿನ ಮಾತು ಮೀರಿದರೆ ಮನೆಯೇ ಹೋಗುತ್ತದೆ ಎಂಬುದನ್ನು ಅವನೂ ಅದೇ ಅಪ್ಪನಿಂದ ಕಲಿತಿದ್ದ.

ಒಳಗಿಂದ ಲಲಿತ ಲೋಟಗಳನ್ನು ಹಿಡಿದು ಬಂದಳು. "ಭಾವ, ಕಾಫಿಗೆ ಸಕ್ಕರೆ ಹಾಕ್ಲಾ ಬೇಡ್ವಾ? ಇಲ್ಲಾ ಹೂ ಕೇಳ್ಕೊಂಡ್ ಬಂದು ಹೇಳ್ತೀರಾ?"

ಅಣ್ಣನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಮಾತ್ರೆ. ಆ ಮಾತ್ರೆಗೆ ಅವನು ಎಂದೂ ಹೂ ಕೇಳಿದವನಲ್ಲ. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಣ್ಣ ಕಾಫಿ ಕುಡಿಯದೆ ಎದ್ದುಹೋದ.

ಮರುದಿನ ಶುಕ್ರವಾರ. ಗಾಳಿಗೆ ಹನಿ ಸೇರಿಕೊಂಡು ಮುಖಕ್ಕೆ ಚುಚ್ಚುತ್ತಿತ್ತು. ಆದರೂ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಬೇಕರಿಯವರೆಗೂ ಮುಟ್ಟಿ ಅಲ್ಲಿಂದ ಎಲ್ಲ ಕಡೆಗೂ ಹರಡಿತ್ತು. ನಾನು ಒಳಗೆ, ಅಣ್ಣ ಬಾಗಿಲಲ್ಲಿ. ಬೆಳಗಿನ ಅಲಂಕಾರದ ಹೂಗಳೆಲ್ಲ ಅಮ್ಮನ ಮೈಮೇಲಿದ್ದವು. ಲಲಿತ ತಲೆಗೆ ಸ್ನಾನ ಮಾಡಿ, ಹಸಿರು ಹತ್ತಿ ಸೀರೆ ಉಟ್ಟು ಬಂದಳು. ಜನ ದಾರಿ ಬಿಟ್ಟರು. ನಾನು ಅಭ್ಯಾಸಬಲದಿಂದ ಒಂದು ಕಣಗಿಲೆಯನ್ನು ನೀರಿಗೆ ಅದ್ದಿದೆ. ಅವಳು ಬೇಡವೆಂದು ಕೈಯಾಡಿಸಿದಳು.

"ಕೇಳಕ್ಕೆ ಬಂದಿಲ್ಲ, ಹೇಳಕ್ಕೆ ಬಂದಿದ್ದೀನಿ." ನನಗೆ ಇಷ್ಟು ಹೇಳಿ ಅಮ್ಮನ ಕಡೆ ತಿರುಗಿದಳು. ಸೋಮವಾರ ಆಪರೇಷನ್ ಇದೆ ಎಂದಳು. ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ, ಜೊತೆಗೆ ಯಾರಿರುತ್ತಾರೆ, ಮಗಳು ಯಾವತ್ತು ಬರುತ್ತಾಳೆ ಎಲ್ಲವನ್ನೂ ವರದಿ ಮಾಡಿದಳು. ಇವರಿಗೆ ಅನ್ನ ಮಾಡಲು ಬರುತ್ತದೆ, ಸಾರು ಬರುವುದಿಲ್ಲ ಎಂದೂ ತಿಳಿಸಿದಳು.

ಅಷ್ಟರಲ್ಲಿ ಗಾಳಿಯೊಂದು ನುಗ್ಗಿತು. ಯಾರೂ ಇಡದ, ಯಾರೂ ಕೇಳದ ಹೂವೊಂದು ಅಮ್ಮನ ಮುಡಿಯಿಂದ ಜಾರಿ ಎಡಗಡೆಗೆ, ಲಲಿತಳ ಕಾಲ ಬಳಿ ಬಿತ್ತು.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸದ್ದೊಂದೇ. ಹಿಂದಿನಿಂದ ಯಾರೋ ಅಜ್ಜಿ "ಅಯ್ಯೋ ಮಗಳೇ" ಎಂದದ್ದು ಕೇಳಿಸಿತು. ಲಲಿತ ಬಗ್ಗಿ ಆ ಹೂವನ್ನು ಎತ್ತಿಕೊಂಡಳು. ನೀರು ಕೊಡವಿದಳು. ಜಡೆಗೆ ಸಿಕ್ಕಿಸಿಕೊಂಡಳು.

"ಎಡಗಡೆಗೋ ಬಲಗಡೆಗೋ, ಕೊಟ್ಟಿದ್ದು ಹೂವು ತಾನೆ? ಕಲ್ಲಲ್ವಲ್ಲ," ಎಂದಳು. ಆಮೇಲೆ ಅಮ್ಮನಿಗೆ ಕೈಮುಗಿದು, "ಹೋಗ್ಬರ್ತೀನಿ ಕಣವ್ವ," ಎಂದು ಹೇಳಿ ಮೆಟ್ಟಿಲಿಳಿದಳು.

ಅಣ್ಣ ನನ್ನ ಕಡೆ ನೋಡಿ, ಏನ್ಲಾ ನಿಂತಿದ್ದೀಯ, ಆ ಹೂವು ಕಿತ್ತು ಬುಟ್ಟಿಗೆ ಹಾಕು ಎಂದ. ಅದು ನನ್ನ ಕರ್ತವ್ಯವೇ ಆಗಿತ್ತು. ನಾನು ಉಡಿದಾರದಿಂದ ಬೀಗದಕೈ ಬಿಚ್ಚಿದೆ. ಗಂಟು ಹಳೆಯದು, ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಜನ ಕಾದರು. ಅದನ್ನು ಅಣ್ಣನ ಕೈಗಿಟ್ಟು, ಲಲಿತಳ ಹಿಂದೆ ಹೊರಟೆ. ಹತ್ತು ಹೆಜ್ಜೆ ಹೋದ ಮೇಲೆ, ಅಮ್ಮನಿಗೆ ಬೆನ್ನು ತೋರಿಸಿ ನಡೆಯುತ್ತಿದ್ದೇನೆ ಎಂಬುದು ಹೊಳೆಯಿತು. ಸೊಂಟವನ್ನು ಮುಟ್ಟಿ ನೋಡಿಕೊಂಡೆ. ಇತ್ತು.

ಸೋಮವಾರ ಅವಳನ್ನು ಒಳಗೆ ಕರೆದೊಯ್ಯುವ ಮುಂಚೆ ನನ್ನ ಹತ್ತಿರ ಒಂದು ಮಾತು ತೆಗೆದುಕೊಂಡಳು. "ಹರಕೆ ಗಿರಕೆ ಕಟ್ಕೊಂಡ್ರೆ ಎದ್ ಬಂದು ಬೈತೀನಿ. ನನ್ ಜೀವಕ್ಕೆ ಚೌಕಾಸಿ ಮಾಡ್ಬೇಡಿ." ಹೀಗಾಗಿ ನಾಲ್ಕು ಗಂಟೆ ಕಾಲ, ಅದುವರೆಗಿನ ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ, ಕೊಡಲು ಏನೂ ಇಲ್ಲದೆ ದೇವರ ಮುಂದೆ ಕೂತೆ. ದೇವರೂ ಎದುರಿಗಿರಲಿಲ್ಲ. ಉಕ್ಕಿನ ಕುರ್ಚಿ, ಬಿಳಿ ಗೋಡೆ, ನೀರಿನ ಡಬ್ಬ. ಮಂತ್ರ ಬಾಯಿಗೆ ಬರಲಿಲ್ಲ. ಮೊದಲು ಚಿಕ್ಕಪ್ಪನ ಸುಳ್ಳನ್ನು ಒಪ್ಪಿಕೊಂಡೆ. ಆ ಬಾಯಲ್ಲಿ ಪೂಜೆ ಮಾಡಿದ್ದು ತಪ್ಪು ಎಂದೆ. ಆಮೇಲೆ, ಹೆದರಿಕೆ ಆಗ್ತಿದೆ ಕಣವ್ವ ಎಂದೆ. ಅಮ್ಮನಿಗೆ ಅಷ್ಟು ವರ್ಷ ಹೆದರಿದ್ದೆ. ಹೆದರಿಕೆಯನ್ನು ಅವಳ ಹತ್ತಿರವೇ ಹೇಳಿಕೊಳ್ಳಬಹುದು ಎಂಬುದು ಗೊತ್ತಿರಲಿಲ್ಲ. ಉತ್ತರವೇನೂ ಬರಲಿಲ್ಲ. ಆದರೆ ಶಿಕ್ಷೆಗೆ ಕಾಯುತ್ತಿದ್ದೇನೆ ಎಂಬ ಭಾವ ಅಲ್ಲಿಗೆ ಬಿಟ್ಟುಹೋಯಿತು. ಪಕ್ಕದಲ್ಲಿ ಯಾರೋ ಪರಿಚಯದವರು ಕೂತು, ಅವರೂ ಬಾಗಿಲು ನೋಡುತ್ತಿರುವಂತೆ ಅನ್ನಿಸಿತು.

ಲಲಿತ ಹೊರಗೆ ಬಂದಳು. ಪೂರ್ತಿ ತೆಗೆದಿದ್ದೇವೆ, ಸಕಾಲಕ್ಕೆ ಬಂದಿರಿ ಎಂದು ಡಾಕ್ಟರಮ್ಮ ಹೇಳಿದರು. ಇಲ್ಲಿಗೆ ಎಲ್ಲ ಸುಗಮವಾಯಿತೆಂದು ಬರೆದರೆ ಅದೂ ಸೂತಕದ ಜಾತಿಯ ಸುಳ್ಳಾದೀತು. ಶ್ರಾವಣ, ಭಾದ್ರಪದ, ಆಶ್ವಯುಜ, ಮೂರು ತಿಂಗಳು ಅವಳು ಔಷಧಿಯ ಬಾಟಲಿಯ ಕೆಳಗೆ ಮಲಗಿದಳು. ಜಡೆ ಹೋಯಿತು. ಉಗುರು ಕಪ್ಪಾಯಿತು. ಒಂದು ದಿನ ನಾನು ಮಾಡಿದ ಸಾರು ಕುಡಿದು, ಕ್ಯಾನ್ಸರೇ ವಾಸಿ ಎಂದು ಅತ್ತಳು. ಹೂವು ಬಲಕ್ಕೆ ಬಿದ್ದಿದ್ದರೂ ಇದೆಲ್ಲ ಹೀಗೇ ಇರುತ್ತಿತ್ತು. ಅಮ್ಮ ಪ್ರೀತಿಸುತ್ತಾಳೆ ಎಂದರೆ ನೋವಾಗುವುದಿಲ್ಲ ಎಂದು ಅರ್ಥವಲ್ಲ ಎಂಬುದನ್ನು ಲಲಿತ ಮೊದಲೇ ಬಲ್ಲವಳು. ನಾನು ಬಕೆಟ್ ಹಿಡಿದುಕೊಂಡು ಕಲಿತೆ.

ಆ ಮೂರು ತಿಂಗಳು ಗುಡಿಯ ಬೀಗದಕೈ ಹರೀಶನ ಹತ್ತಿರವಿತ್ತು. ಬೆಳಗಿನ ಐದು ಗಂಟೆಯ ವಿಷಯದಲ್ಲಿ ಅವನು ತನ್ನಪ್ಪನ ಮತವನ್ನೇ ಅನುಸರಿಸುವವನು. ಏಳಕ್ಕೆ ಬಾಗಿಲು, ಕೆಲವು ದಿನ ಒಂಬತ್ತಕ್ಕೆ. ಕಾರ್ತಿಕದ ಹೊತ್ತಿಗೆ ಬೇಕರಿಯವನೇ ದೀಪ ಹಚ್ಚುತ್ತಿದ್ದಾನೆಂದು ಜನ ಗೊಣಗಿದರು. ಒಂದು ಸಂಜೆ ಅತ್ತಿಗೆ ಬಂದು ಬೀಗದಕೈಯನ್ನು ನಮ್ಮ ಟೀವಿ ಮೇಲೆ ಇಟ್ಟು, ಲಲಿತಳ ಬೋಳುತಲೆಯನ್ನು ಒಮ್ಮೆ ಸವರಿ ಹೋದಳು.

ಮತ್ತೆ ಗುಡಿಗೆ ಹೋದ ದಿನ ಮೊದಲು ಕಂಡದ್ದು ಆ ಕಿಟಕಿ. ಅದಕ್ಕೊಂದು ಗಾಜು ಹಾಕಿಸಿ ಚಿಕ್ಕಪ್ಪ ಎಂದು ಹರೀಶ ಹೇಳಿದ. ಹಾಕಿಸಲಿಲ್ಲ. ಗಾಳಿಯೂ ಅವಳದೇ, ತಡೆಯಲು ನಾನ್ಯಾರು. ಆದರೆ ಆ ಗಾಳಿಯನ್ನು ಡಾಕ್ಟರ ಕುರ್ಚಿಯಲ್ಲಿ ಕೂರಿಸಿದವರು ನಾವು. ಹೂ ಕೇಳುವುದನ್ನೂ ನಿಲ್ಲಿಸಲಿಲ್ಲ. ಬೋರ್‌ವೆಲ್ಲಿನವರು ಈಗಲೂ ಬರುತ್ತಾರೆ. ಅವರಿಗೆ ಯಾರಾದರೂ ಏನಾದರೂ ಹೇಳಲೇಬೇಕು. ನನಗೆ ಈಗಲೂ ಅಮ್ಮನೆಂದರೆ ಭಯವಿದೆ. ಗರ್ಭಗುಡಿಯೊಳಗೆ ಕಾಲಿಡುವ ಮುಂಚೆ ನಿನ್ನೆಯಿಂದ ಇವತ್ತಿನವರೆಗೆ ಯಾರಿಗೆ ಸುಳ್ಳು ಹೇಳಿದೆ ಎಂದು ಒಮ್ಮೆ ಲೆಕ್ಕ ಹಾಕುತ್ತೇನೆ. ಕೆಲವು ದಿನ ಹೊಸ್ತಿಲಲ್ಲೇ ಬಹಳ ಹೊತ್ತಾಗುತ್ತದೆ.

ಆ ವಾರ ಒಂದು ತಗಡಿನ ಹಲಗೆ ಬರೆಸಿ ಬಾಗಿಲ ಪಕ್ಕ ಹೊಡೆಸಿದೆ. "ಆಸ್ಪತ್ರೆ, ಔಷಧಿ, ಆಪರೇಷನ್ ವಿಷಯವಾಗಿ ಇಲ್ಲಿ ಹೂ ಕೇಳಲಾಗುವುದಿಲ್ಲ. ಮೊದಲು ಡಾಕ್ಟರ ಬಳಿ ಹೋಗಿ, ಹೋಗುವಾಗ ಅಮ್ಮನಿಗೆ ಹೇಳಿ ಹೋಗಿ. ಅಮ್ಮನ ಅಪ್ಪಣೆ ಮೇರೆಗೆ." ನನ್ನ ಆಡಳಿತಾವಧಿಯ ಮೊದಲ ಸುತ್ತೋಲೆ ಅದು.

ಶುಕ್ರವಾರ ದೊಡ್ಡಣ್ಣ ಬಂದ. ಹಲಗೆಯ ಮುಂದೆ ನಿಂತು ಒಂದೊಂದು ಅಕ್ಷರವನ್ನೂ ಓದಿದ. ಜನ ಪಕ್ಕಕ್ಕೆ ಸರಿದು ಕೇಳಿಸಿಕೊಳ್ಳಲು ಅನುಕೂಲವಾದ ದೂರದಲ್ಲಿ ನಿಂತರು.

"ಅಮ್ಮನ ಅಪ್ಪಣೆ ಅಂತ ಬರ್ಸಿದ್ದೀಯಲ್ಲ, ಯಾವಾಗ್ಲಾ ಕೊಟ್ಲು?"

ನಾನು ತಟ್ಟೆಯಿಂದ ಒಂದು ಕಣಗಿಲೆ ತೆಗೆದು, ನೀರಿಗೆ ಅದ್ದಿ, ಅವನ ಮುಂದೆ ಹಿಡಿದೆ.

"ಅನುಮಾನ ಇದ್ರೆ ನೀನೇ ಕೇಳಣ್ಣ."

ಅಣ್ಣ ಹೂವನ್ನು ನೋಡಿದ. ಅಮ್ಮನನ್ನು ನೋಡಿದ. ಹೂವಿನ ತುದಿಯಿಂದ ನೀರು ಅವನ ಚಪ್ಪಲಿ ಬಿಟ್ಟ ಕಾಲಿನ ಮೇಲೆ ಎರಡು ಮೂರು ಹನಿ ಬಿತ್ತು. ಕೊನೆಗೆ ಮತ್ತೆ ಹಲಗೆಯ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ಗಂಟಲು ಸರಿಪಡಿಸಿಕೊಂಡ.

"ಅಕ್ಷರ ಸ್ವಲ್ಪ ದಪ್ಪ ಬರೆಸ್ಬೇಕಿತ್ತು ಕಣ್ಲಾ. ರಸ್ತೆಗೆ ಕಾಣಲ್ಲ."